ಬಿಸಿಲೂರಿನ ಊಟ: ಹೋಟೆಲು ಹುಡುಕುವ ಮೊದಲು ಹೊತ್ತು ನೋಡಿ

ಬೇಸಿಗೆ ರಜೆಯಲ್ಲಿ ಊಟಿಗೋ ಮಡಿಕೇರಿಗೋ ಹೊರಟವರಿಗೆ ಎಲ್ಲಿ ಉಣ್ಣಬೇಕೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಕರ್ನಾಟಕದ ಎಷ್ಟೋ ಕುಟುಂಬಗಳು ತಂಪಿನ ಬೆಟ್ಟವನ್ನು ಬಿಟ್ಟು ನೇರ ಬಿಸಿಲಿನ ಬಾಯಿಗೇ ಹೋಗುತ್ತವೆ. ಮಂತ್ರಾಲಯಕ್ಕೆ, ಉರುಕುಂದಿ ಈರಣ್ಣನ ಗುಡಿಗೆ, ಆದೋನಿಯ ಬೆಟ್ಟದ ಕೋಟೆಗೆ. ಮಕ್ಕಳ ಪರೀಕ್ಷೆ ಮುಗಿದು ಮನೆಮಂದಿಯೆಲ್ಲ ಒಟ್ಟಿಗೆ ಹೊರಡಲು ಆಗುವುದೇ ಆಗ. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ಆ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ದರ್ಶನ ಹೇಗೋ ಆಗುತ್ತದೆ, ಕೆಡುವುದು ಹೊಟ್ಟೆ. ಮಧ್ಯಾಹ್ನ ಮೂರಕ್ಕೆ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಫ್ರೈಡ್ ರೈಸ್ ತಿಂದು, ಐಸ್ ಹಾಕಿದ ಕಬ್ಬಿನ ಹಾಲು ಕುಡಿದು, ರಾತ್ರಿ ರೂಮಿನಲ್ಲಿ ಮಗುವಿಗೆ ವಾಂತಿ ಎಂದು ಔಷಧಿ ಅಂಗಡಿ ಹುಡುಕುವವರನ್ನು ಯಾತ್ರೆಯ ಯಾವ ಊರಿನಲ್ಲಾದರೂ ಕಾಣಬಹುದು. ಅಂಥವರಿಗೆ ಒಳ್ಳೆಯ ಹೋಟೆಲುಗಳ ಪಟ್ಟಿ ಕೊಟ್ಟರೆ ಸಾಲದು. ಈ ಸೀಮೆಯಲ್ಲಿ ‘ಎಲ್ಲಿ ಉಣ್ಣಬೇಕು’ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ‘ಯಾವ ಹೊತ್ತಿಗೆ ಉಣ್ಣಬೇಕು’ ಎಂದು ಕೇಳಿಕೊಂಡಾಗಲೇ. ಇಲ್ಲಿಯ ಜನ ತಲೆಮಾರುಗಳಿಂದ ಬಿಸಿಲಿಗೆ ಹೊಂದಿಸಿಕೊಂಡ ಊಟದ ವೇಳೆಯೊಂದಿದೆ. ಬಂದವರು ಅದನ್ನು ಅನುಸರಿಸಿದರೆ ಬಾಯಿಗೂ ರುಚಿ, ಹೊಟ್ಟೆಗೂ ಕ್ಷೇಮ, ಕೈಗೂ ಹಗುರ.

ಬೆಟ್ಟ ಹತ್ತಿದವರು, ಬಯಲಲ್ಲಿ ಉಳಿದವರು

ಈ ಸೀಮೆಗೂ ಒಂದು ಕಾಲದಲ್ಲಿ ಗಿರಿಧಾಮವಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಬಳ್ಳಾರಿಯ ದಂಡಿನ ಬ್ರಿಟಿಷ್ ಸೈನಿಕರು ಬಿಸಿಲಿಗೆ ಸೊರಗಿದರೆ ಚೇತರಿಸಿಕೊಳ್ಳಲೆಂದು 19ನೆಯ ಶತಮಾನದ ಮಧ್ಯಭಾಗದಲ್ಲಿ ಸಂಡೂರು ಬೆಟ್ಟಸಾಲಿನ ರಾಮನದುರ್ಗದ ಮೇಲೆ ಆರೋಗ್ಯಧಾಮ ಮಾಡಿಕೊಂಡರು. ಈಗ ಬಹಳ ಜನ ರಾಮಗಡ ಎನ್ನುವ ಆ ಜಾಗ ಸಮುದ್ರಮಟ್ಟದಿಂದ 3,000 ಅಡಿಗೂ ಎತ್ತರದಲ್ಲಿದೆ. ಬಿಸಿಲು ತಾಳಲಾರದವರಿಗೆ ಬೆಟ್ಟ ಹತ್ತುವುದು ಒಂದು ದಾರಿ. ಆದರೆ ಆದೋನಿಯ ಹತ್ತಿಯ ಹಮಾಲರಿಗೆ, ಕೋಸಿಗಿಯ ಕೂಲಿಯವರಿಗೆ, ಎಮ್ಮಿಗನೂರಿನ ನೇಕಾರರಿಗೆ ಹತ್ತಲು ಬೆಟ್ಟವಿರಲಿಲ್ಲ. ಊರಲ್ಲೇ ಉಳಿದ ಅವರು ಉಣ್ಣುವ ಪದಾರ್ಥವನ್ನೂ ಹೊತ್ತನ್ನೂ ಬಿಸಿಲಿಗೆ ತಕ್ಕಂತೆ ಮಾಡಿಕೊಂಡರು. ಎರೆಹೊಲದಲ್ಲಿ ಹಿಂಗಾರಿಗೆ ಬೆಳೆಯುವ ಜೋಳ, ಕೆಂಪು ನೆಲದ ಶೇಂಗಾ, ಬೇಲಿಯಂಚಿನ ಪುಂಡಿ, ಮನೆಯ ಎಮ್ಮೆಯ ಮಜ್ಜಿಗೆ, ಇಷ್ಟರಲ್ಲೇ ಅವರ ಬೇಸಿಗೆ ಕಳೆಯಬೇಕಿತ್ತು. ಅನ್ನ ಇಲ್ಲಿ ದಿನನಿತ್ಯದ ಊಟವಾದದ್ದು ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆ ನೀರು ತಂದ ಮೇಲೆ, ಕಳೆದ ಶತಮಾನದ ಉತ್ತರಾರ್ಧದಲ್ಲಿ. ಹೀಗಾಗಿ ಈ ನೆಲದ ಹಳೆಯ ಅಡುಗೆಯಲ್ಲಿ ನೀರು ಕಡಿಮೆ, ಇಟ್ಟರೆ ಕೆಡದ ಪದಾರ್ಥ ಹೆಚ್ಚು. ಬೇಯಿಸಿದ್ದನ್ನು ಬಿಸಿಯಿರುವಾಗಲೇ ತಿಂದು ಮುಗಿಸುವುದು ರೂಢಿ.

ಈ ರೂಢಿಯನ್ನು ಇಂದಿನ ವಿಜ್ಞಾನವೂ ಒಪ್ಪುತ್ತದೆ. ಬೇಯಿಸಿದ ಆಹಾರದಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಅಡುಗೆಯನ್ನು ಕೋಣೆಯ ಉಷ್ಣತೆಯಲ್ಲಿ 2 ಗಂಟೆಗಿಂತ ಹೆಚ್ಚು ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊರಗಿನ ಬಿಸಿ 32 ಡಿಗ್ರಿ ದಾಟಿದರೆ ಆ ಗಡುವು ಒಂದೇ ಗಂಟೆ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ಈ ಲೆಕ್ಕದಲ್ಲಿ ಮೇ ತಿಂಗಳ ಆದೋನಿಯಲ್ಲಿ ಬೆಳಗಿನ ಹತ್ತರಿಂದ ಸಂಜೆಯವರೆಗೂ ಒಂದು ಗಂಟೆಯ ನಿಯಮವೇ ನಡೆಯುತ್ತದೆ. ಆದ್ದರಿಂದ ಒಂದು ಅಂಗಡಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಅದರ ಬೋರ್ಡು, ಬಣ್ಣ, ಕುರ್ಚಿ ನೋಡಿ ಪ್ರಯೋಜನವಿಲ್ಲ. ಮುಂದಿರುವ ತಿಂಡಿ ಒಲೆಯಿಂದ ಇಳಿದು ಎಷ್ಟು ಹೊತ್ತಾಯಿತು ಎಂದು ನೋಡಬೇಕು. ಈ ಒಂದು ಮಾತನ್ನು ಹಿಡಿದುಕೊಂಡರೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ.

ಬೆಳಗು: ಒಗ್ಗರಣೆ ಮತ್ತು ಮಿರ್ಚಿ

ಆದೋನಿಯ ಬೆಳಗಿನ ತಿಂಡಿ ಎಂದರೆ ಮಂಡಕ್ಕಿ ಒಗ್ಗರಣೆ. ತೆಲುಗಿನವರು ಇದನ್ನೇ ಉಗ್ಗಾನಿ ಎನ್ನುತ್ತಾರೆ. ಬಳ್ಳಾರಿ, ರಾಯಚೂರಿನವರಿಗೆ ಇದರ ಪರಿಚಯ ಹೇಳಬೇಕಿಲ್ಲ, ಬೆಂಗಳೂರು, ಮೈಸೂರಿನ ಕಡೆಯಿಂದ ಬಂದವರಿಗೆ ಹೇಳಬೇಕು. ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್ ದಾರಿ, ಮಾರುಕಟ್ಟೆ ಯಾರ್ಡಿನ ಸುತ್ತ, ಹೀಗೆ ದುಡಿಯುವ ಜನ ಬೆಳಗಾಗುತ್ತಲೇ ಸೇರುವ ಜಾಗಗಳಲ್ಲಿ ಇದರ ಗಾಡಿಗಳೂ ಚಿಕ್ಕ ಹೋಟೆಲುಗಳೂ ಇರುತ್ತವೆ. ಮಾಡುವ ಬಗೆಯನ್ನು ನಿಂತು ನೋಡಿದರೆ ಇದು ಬಿಸಿಲಿಗೆ ಯಾಕೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ಬಾಣಲೆಯಲ್ಲಿ ಶೇಂಗಾ ಎಣ್ಣೆ ಕಾಯುತ್ತದೆ. ಸಾಸಿವೆ ಸಿಡಿದ ಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಟೊಮೇಟೊ ಬೀಳುತ್ತವೆ. ಈರುಳ್ಳಿಗೆ ಕರ್ನೂಲು ಜಿಲ್ಲೆ ಹೆಸರಾದದ್ದು, ಟೊಮೇಟೊ ಇಲ್ಲೇ ಪತ್ತಿಕೊಂಡದ ಮಾರುಕಟ್ಟೆಯದಿರಬಹುದು. ಅರಿಶಿನ, ಉಪ್ಪು ಹಾಕಿ ಬಾಡಿಸುತ್ತಿರುವಾಗಲೇ ಇನ್ನೊಂದು ಕೈ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಬಾಣಲೆಗೆ ಹಾಕುತ್ತದೆ. ನಾಲ್ಕು ಬಾರಿ ಕೆಳಗೆ ಮೇಲೆ ಮಾಡಿ, ಪುಟಾಣಿ ಪುಡಿ ಉದುರಿಸಿ, ನಿಂಬೆಹಣ್ಣು ಹಿಂಡಿದರೆ ಮುಗಿಯಿತು. ಪಕ್ಕದ ಎಣ್ಣೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ತಟ್ಟೆಯ ಅಂಚಿಗೆ ಬರುತ್ತದೆ.

ಈ ತಿಂಡಿಯ ಮುಖ್ಯ ಪದಾರ್ಥ ಒಣಗಿದ್ದು, ಹಗುರವಾದದ್ದು. ಮರಳಿನಲ್ಲಿ ಹುರಿದು ಅರಳಿಸಿದ ಮಂಡಕ್ಕಿಯನ್ನು ಫ್ರಿಜ್ಜಿನ ಹಂಗಿಲ್ಲದೆ ಚೀಲದಲ್ಲಿ ಇಡಬಹುದು. ಗಿರಾಕಿ ಬಂದಷ್ಟಕ್ಕೇ ಅದ್ದಿ, ಹತ್ತು ನಿಮಿಷದಲ್ಲಿ ಒಂದು ಬಾಣಲೆ ಮಾಡಿ, ಖಾಲಿಯಾದ ಮೇಲೆ ಇನ್ನೊಂದು ಬಾಣಲೆ ಹಾಕಬಹುದು. ತೆಂಗಿನಕಾಯಿ ಚಟ್ನಿಯ ಅಗತ್ಯವಿಲ್ಲ. ಇಡ್ಲಿ ದೋಸೆ ಬೇಡವೆಂದಲ್ಲ. ಹಬೆಯಿಂದ ಆಗಷ್ಟೇ ಇಳಿದ ಇಡ್ಲಿಯಷ್ಟು ಕ್ಷೇಮವಾದ ತಿಂಡಿ ಬೇರೆ ಕಡಿಮೆ. ಆದರೆ ಈ ಸೆಕೆಯಲ್ಲಿ ಹಿಟ್ಟು ರಾತ್ರಿ ಕಳೆಯುವುದರೊಳಗೆ ವಿಪರೀತ ಹುಳಿಯಾಗುತ್ತದೆ, ಹಸಿ ಕೊಬ್ಬರಿಯ ಚಟ್ನಿ ಹತ್ತು ಗಂಟೆಗೆಲ್ಲ ವಾಸನೆ ತಿರುಗುತ್ತದೆ. ಇಡ್ಲಿ ತಿನ್ನುವವರು ಅದನ್ನು ಶೇಂಗಾ ಚಟ್ನಿಯೊಡನೆಯೋ ಚಟ್ನಿಪುಡಿಯೊಡನೆಯೋ ತಿಂದರೆ ಒಳಿತು. ಬೆಳಗಿನ ತಿಂಡಿಯನ್ನು ಎಂಟು, ಎಂಟೂವರೆಯೊಳಗೆ ಮುಗಿಸುವುದು ಲೇಸು. ಆದೋನಿ ಕೋಟೆಯ ಬೆಟ್ಟ ಹತ್ತುವ ಮನಸ್ಸಿದ್ದರಂತೂ ಬೆಳಕು ಹರಿಯುವ ಮೊದಲೇ ಹೊರಟು, ರಣಮಂಡಲದ ಆಂಜನೇಯನ ದರ್ಶನ ಮುಗಿಸಿ ಇಳಿದ ಮೇಲೆ ತಿಂಡಿ. ಮೇಲೆ ಊಟ, ನೀರು ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ತಲೆಗೆ ಎರಡು ಲೀಟರ್ ನೀರು, ಒಂದು ಹಿಡಿ ಶೇಂಗಾ, ಒಂದು ಉಂಡೆ ಬೆಲ್ಲ ಜೊತೆಗಿರಲಿ.

ಮಧ್ಯಾಹ್ನ: ಮಠದ ಪಂಕ್ತಿ, ಮೆಸ್ಸಿನ ಮೊದಲ ಸರದಿ

ಮಂತ್ರಾಲಯಕ್ಕೂ ಆದೋನಿಗೂ ಇರುವ ನಂಟನ್ನು ಜನ ಒಂದು ತಟ್ಟೆಯ ಕಥೆಯಿಂದಲೇ ಹೇಳುತ್ತಾರೆ. ಆದೋನಿಯನ್ನು ಆಳುತ್ತಿದ್ದ ಸಿದ್ದಿ ಮಸೂದ್ ಖಾನ್ ರಾಘವೇಂದ್ರ ಸ್ವಾಮಿಗಳನ್ನು ಪರೀಕ್ಷಿಸಲು ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ಮಾಂಸ ಕಳಿಸಿದ, ಸ್ವಾಮಿಗಳು ತೀರ್ಥ ಪ್ರೋಕ್ಷಿಸಿದಾಗ ಅದು ಹಣ್ಣುಗಳಾಯಿತು, ಪಶ್ಚಾತ್ತಾಪಪಟ್ಟ ನವಾಬ ಅವರು ಕೇಳಿದ ಮಂಚಾಲೆ ಗ್ರಾಮವನ್ನು ಕೊಟ್ಟ ಎಂಬುದು ಐತಿಹ್ಯ. ಆ ಮಂಚಾಲೆಯೇ ಇಂದಿನ ಮಂತ್ರಾಲಯ. 1671ರಲ್ಲಿ ರಾಯರು ಅಲ್ಲಿ ವೃಂದಾವನಸ್ಥರಾದರು. ಐತಿಹ್ಯವನ್ನು ಭಕ್ತಿಯಿಂದ ಕೇಳುವವರೂ ಇತಿಹಾಸವಾಗಿ ನೋಡುವವರೂ ಒಂದು ಮಾತನ್ನು ಒಪ್ಪಬಹುದು: ಬಂದವರಿಗೆ ಊಟ ಹಾಕುವುದು ಆ ಕ್ಷೇತ್ರದ ದಿನಚರಿಯ ನಡುಭಾಗದಲ್ಲಿದೆ. ಮಠದ ಭೋಜನಶಾಲೆಯಲ್ಲಿ ಭಕ್ತರಿಗೆ ಉಚಿತವಾಗಿ ಅನ್ನಪ್ರಸಾದ ನಡೆಯುತ್ತದೆ. ಬೇಸಿಗೆಯ ಮಧ್ಯಾಹ್ನಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಹೇಳಲು ಭಕ್ತಿಯಲ್ಲದೆ ಬೇರೆ ಕಾರಣವೂ ಇದೆ. ಮಠದ ಅಡುಗೆ ಅಂದಿನ ಪೂಜೆ, ನೈವೇದ್ಯಕ್ಕೆಂದು ಅಂದೇ ಆಗಬೇಕು. ಹಿಂದಿನ ದಿನದ್ದು ಅಲ್ಲಿ ನಡೆಯುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ಕುದಿದ ಸಾರು, ಅನ್ನ ನೂರಾರು ಜನರ ಪಂಕ್ತಿಗೆ ಒಂದೇ ಸಲ ಬಡಿಸಲ್ಪಟ್ಟು ಖಾಲಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದ, ಮಸಾಲೆ ಮಿತವಾದ ಊಟ ಮಕ್ಕಳಿಗೂ ವಯಸ್ಸಾದವರಿಗೂ ಒಗ್ಗುತ್ತದೆ. ಕೊನೆಗೆ ಬರುವ ಮಜ್ಜಿಗೆಯನ್ನು ಬೇಡವೆನ್ನದೆ ಕುಡಿಯಿರಿ.

ಎರಡು ವಿಷಯ ಮಾತ್ರ ಮೊದಲೇ ತಿಳಿದಿರಬೇಕು. ಮಾಧ್ವ ಸಂಪ್ರದಾಯದಲ್ಲಿ ಏಕಾದಶಿ ನಿರಾಹಾರದ ದಿನ. ಅಂದು ಅನ್ನಪ್ರಸಾದವನ್ನು ನಂಬಿಕೊಂಡು ಹೋಗಬಾರದು. ಹೊರಡುವ ಮುನ್ನ ಪಂಚಾಂಗ ನೋಡಿ, ಏಕಾದಶಿ ಬಿದ್ದರೆ ಹಣ್ಣು, ಅವಲಕ್ಕಿಯ ಏರ್ಪಾಡು ಮಾಡಿಕೊಳ್ಳಿ. ಹಾಗೆಯೇ ಪೂಜೆ, ನೈವೇದ್ಯ ಮುಗಿಯದೆ ಪಂಕ್ತಿ ಕೂರುವುದಿಲ್ಲ. ರಜೆಯ ದಿನ, ಗುರುವಾರ ಸಾಲು ಉದ್ದವಿರುತ್ತದೆ. ಮಕ್ಕಳಿಗೆ ಹನ್ನೊಂದರ ಸುಮಾರಿಗೆ ಬಾಳೆಹಣ್ಣೋ ಬಿಸ್ಕತ್ತೋ ಕೊಟ್ಟು ಸಾಲಿನಲ್ಲಿ ನಿಂತರೆ ಅಳು, ಸಿಡಿಮಿಡಿ ಇರುವುದಿಲ್ಲ.

ಮಂತ್ರಾಲಯದಲ್ಲಿ ಇಲ್ಲದೆ ಆದೋನಿಯಲ್ಲೋ ಎಮ್ಮಿಗನೂರಿನಲ್ಲೋ ಮಧ್ಯಾಹ್ನ ಕಳೆಯುವವರು ಊಟದ ಮೆಸ್ಸುಗಳಿಗೆ ಹೋಗಬಹುದು. ಅಂಗಡಿ ಗುಮಾಸ್ತರು, ಬ್ಯಾಂಕಿನವರು, ಜಿನ್ನಿಂಗ್ ಮಿಲ್ಲಿನವರು ತಿಂಗಳ ಲೆಕ್ಕದಲ್ಲಿ ಉಣ್ಣುವ ಮೆಸ್ಸು ಎಂದರೆ ಅರ್ಧ ಪರೀಕ್ಷೆ ಪಾಸಾದ ಹಾಗೆ. ದಿನವೂ ಬರುವವರ ಹೊಟ್ಟೆ ಕೆಡಿಸಿ ಯಾರೂ ಅಂಗಡಿ ನಡೆಸಲಾರರು. ಅಲ್ಲಿಗೂ ಹೋಗಬೇಕಾದ್ದು ಹನ್ನೆರಡರಿಂದ ಒಂದರ ಒಳಗೆ, ಮೊದಲ ಸರದಿಗೆ. ಮೂರು ಗಂಟೆಗೆ ಅದೇ ಪಲ್ಯ, ಅದೇ ಸಾಂಬಾರು ಸಿಗಬಹುದು, ಆದರೆ ಆಗ ಅದರ ವಯಸ್ಸು ಬೇರೆ. ಮಾಂಸದ ಊಟ ಬೇಕಾದವರಿಗೂ ಇದೇ ಮಾತು. ಆದೋನಿ ಬಹುಕಾಲ ಬಿಜಾಪುರದ ಸುಲ್ತಾನರ, ಆಮೇಲೆ ಹೈದರಾಬಾದಿನ ಅರಸುಮನೆತನದವರ ಕೈಯಲ್ಲಿದ್ದ ಊರು. ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಇನ್ನೂ ನಿಂತಿದೆ, ಆ ಕಾಲದ ಅಡುಗೆಯ ವಾರಸುದಾರರೂ ಇದ್ದಾರೆ. ಬಿರಿಯಾನಿಯನ್ನು ಹಂಡೆಯ ದಮ್ ಬಿಚ್ಚಿದ ಹೊತ್ತಿಗೆ, ಹಬೆಯಾಡುತ್ತಿರುವಾಗ ತಿನ್ನಬೇಕು. ಮಧ್ಯಾಹ್ನದ ಹಂಡೆಯಲ್ಲಿ ಉಳಿದದ್ದನ್ನು ರಾತ್ರಿ ಎಂಟಕ್ಕೆ ಕೊಟ್ಟರೆ ಬೇಡವೆನ್ನಿ.

ಬಿಸಿಲೇರಿದ ಹೊತ್ತು: ತಿನ್ನುವುದಕ್ಕಿಂತ ಕುಡಿಯುವುದು

ಎರಡರಿಂದ ಐದರವರೆಗೆ ಈ ಸೀಮೆಯಲ್ಲಿ ಯಾರೂ ಊಟ ಹುಡುಕಿಕೊಂಡು ತಿರುಗುವುದಿಲ್ಲ. ದಿನದ ಸೆಕೆ ತುದಿಗೇರುವುದು ಆಗ. ರಸ್ತೆ ಖಾಲಿ, ಅಂಗಡಿಗಳ ಬಾಗಿಲು ಅರ್ಧ ಇಳಿದಿರುತ್ತದೆ. ಪ್ರವಾಸಿಗಳು ಮಾತ್ರ ಅದೇ ವೇಳೆಯಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಹೊರಟಿರುತ್ತಾರೆ. ದಾರಿಯಲ್ಲಿ ಹಸಿವೆಂದು ನಿಲ್ಲಿಸಿ ಹೊಟ್ಟೆ ತುಂಬ ತಿನ್ನುವುದು ಆಗಲೇ. ಆ ಮೂರು ಗಂಟೆ ನೆರಳಿನಲ್ಲಿದ್ದು, ಕುಡಿಯುವುದನ್ನೇ ಊಟವಾಗಿ ಮಾಡಿಕೊಳ್ಳಬೇಕು. ಉಪ್ಪು, ಜೀರಿಗೆ, ಕರಿಬೇವು ಹಾಕಿದ ನೀರುಮಜ್ಜಿಗೆಗೆ ಸಾಟಿಯಿಲ್ಲ. ಬೆವರಿನಲ್ಲಿ ಹೋಗುವುದು ನೀರು ಮಾತ್ರವಲ್ಲ, ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದವನಿಗೆ ದಾಹ ತೀರಿದರೂ ಸುಸ್ತು ಉಳಿಯುವುದು ಅದಕ್ಕೇ. ರಾಯಲಸೀಮೆಯ ಊರುಗಳಲ್ಲಿ ಬೇಸಿಗೆಯ ಇನ್ನೊಂದು ಹೆಸರು ನನ್ನಾರಿ ಶರಬತ್ತು. ಕನ್ನಡದಲ್ಲಿ ಸೊಗದೆ ಬೇರು ಎನ್ನುವ ಬಳ್ಳಿಯ ಬೇರನ್ನು ಕುದಿಸಿ, ಸಕ್ಕರೆ ಪಾಕ ಮಾಡಿ ಸೀಸೆಯಲ್ಲಿಟ್ಟಿರುತ್ತಾರೆ. ಲೋಟಕ್ಕೆ ಕಂದುಬಣ್ಣದ ಪಾಕ ಒಂದಿಷ್ಟು, ನಿಂಬೆರಸ, ನೆನೆದು ಉಬ್ಬಿದ ಕಾಮಕಸ್ತೂರಿ ಬೀಜ, ಮೇಲೆ ನೀರೋ ಸೋಡಾವೋ. ಮಣ್ಣಿನ ವಾಸನೆಯನ್ನು ಹೋಲುವ ಆ ಪರಿಮಳ ಮೊದಲ ಗುಟುಕಿಗೆ ಹೊಸದೆನಿಸಿದರೂ ಎರಡನೆಯದಕ್ಕೆ ಒಗ್ಗಿಹೋಗುತ್ತದೆ.

ಇಲ್ಲಿ ಎಚ್ಚರಿಕೆ ಬೇಕಾದದ್ದು ಐಸಿನ ವಿಷಯದಲ್ಲಿ. ಗಾಡಿಯ ಮೇಲೆ ಗೋಣಿಚೀಲ ಸುತ್ತಿ ಇಟ್ಟ ದೊಡ್ಡ ಗಡ್ಡೆ ಕುಡಿಯುವ ನೀರಿನಿಂದಲೇ ಆದದ್ದೆಂದು ಹೇಳಲಾಗದು. ವಸ್ತುಗಳನ್ನು ತಂಪಾಗಿಡಲು ಮಾಡಿದ ಐಸೂ ಇದೇ ರೂಪದಲ್ಲಿ ಬರುತ್ತದೆ. ಕಬ್ಬಿನ ಹಾಲಾಗಲಿ ಶರಬತ್ತಾಗಲಿ, ‘ಐಸ್ ಬೇಡ’ ಎಂದು ಹೇಳಿ. ಸೋಡಾ ಹಾಕಿಸಿಕೊಂಡರೆ, ಇಲ್ಲವೇ ನಿಮ್ಮ ಬಾಟಲಿಯ ನೀರನ್ನೇ ಕೊಟ್ಟು ಮಾಡಿಸಿಕೊಂಡರೆ ಚಿಂತೆಯಿಲ್ಲ. ಹಣ್ಣಾದರೆ ಕತ್ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದು ಬೇಡ, ಇಡಿಯಾಗಿ ಕೊಂಡು ನೀವೇ ತೊಳೆದು ಕತ್ತರಿಸಿ. ಮೇ ತಿಂಗಳಲ್ಲಿ ಹೋದವರಿಗೆ ಬಂಗನಪಲ್ಲಿ ಮಾವು ಸಿಗುತ್ತದೆ. ಬನಗಾನಪಲ್ಲೆ ಊರು 2022ರವರೆಗೆ ಕರ್ನೂಲು ಜಿಲ್ಲೆಯಲ್ಲಿತ್ತು, ಈಗ ನಂದ್ಯಾಲ ಜಿಲ್ಲೆಗೆ ಸೇರಿದೆ. 2017ರಲ್ಲಿ ಈ ಮಾವಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತವರಿನ ಇಷ್ಟು ಹತ್ತಿರ ಬಂದು ಅದನ್ನು ತಿನ್ನದೆ ಹೋಗುವುದು ನಷ್ಟ.

ಸಂಜೆ: ಹೆಂಚಿನ ಮುಂದೆ

ಹೊತ್ತು ಮುಳುಗಿ ನೆಲ ಸ್ವಲ್ಪ ಆರಿದ ಮೇಲೆ ಈ ಊರುಗಳ ರಸ್ತೆಬದಿಯಲ್ಲಿ ರೊಟ್ಟಿಯ ಒಲೆಗಳು ಹೊತ್ತಿಕೊಳ್ಳುತ್ತವೆ. ಜೋಳದ ರೊಟ್ಟಿ ಮಾರುವವರು ಹೆಚ್ಚಾಗಿ ಹೆಂಗಸರು. ಕುದಿನೀರಿಗೆ ಹಿಟ್ಟು ಹಾಕಿ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿದ ಹಲಗೆಯ ಮೇಲೆ ಒಂದೇ ಲಯದಲ್ಲಿ ಬಡಿಯುತ್ತಾರೆ. ಅಂಗೈಯಗಲದ ಉಂಡೆ ತಿರುಗುತ್ತ ತಿರುಗುತ್ತ ತಟ್ಟೆಯಗಲವಾಗುತ್ತದೆ. ಎರಡೂ ಕೈಯಲ್ಲಿ ಎತ್ತಿ ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರಿ, ತಿರುವಿ, ಕೊನೆಗೆ ಕೆಂಡಕ್ಕೋ ಉರಿಗೋ ಹಿಡಿದರೆ ರೊಟ್ಟಿ ಉಬ್ಬುತ್ತದೆ. ಪಕ್ಕದಲ್ಲಿ ಪುಂಡಿ ಪಲ್ಯ, ಎಣ್ಣೆಗಾಯಿ, ಬೇಳೆ, ಶೇಂಗಾ ಹಿಂಡಿ, ಹಸಿ ಈರುಳ್ಳಿ. ತೆಲುಗಿನವರ ಗೋಂಗೂರವೇ ನಮ್ಮ ಪುಂಡಿ, ಅವರ ಜೊನ್ನ ರೊಟ್ಟೆಯೇ ನಮ್ಮ ಜೋಳದ ರೊಟ್ಟಿ. ಹೆಸರು ಬದಲಾದರೂ ತಟ್ಟೆ ಒಂದೇ. ಬಿಸಿಲಿಗೆ ದಣಿದ ದಿನದ ಕೊನೆಗೆ ಇದು ಸರಿಯಾದ ಊಟ ಎನ್ನಲು ಕಾರಣಗಳಿವೆ. ರೊಟ್ಟಿ ನಿಮ್ಮ ಕಣ್ಣೆದುರೇ ಬೇಯುತ್ತದೆ, ಬೆಂದು ಎರಡೇ ನಿಮಿಷಕ್ಕೆ ಬಾಯಿಗೆ ಬರುತ್ತದೆ. ಹಿಂಡಿ ಒಣಪದಾರ್ಥ, ಬೇಗ ಕೆಡುವುದಿಲ್ಲ. ಪುಂಡಿಯ ಹುಳಿ ಸೆಕೆಗೆ ಸತ್ತ ಬಾಯಿಗೆ ರುಚಿ ತರುತ್ತದೆ. ರಾತ್ರಿ ಎಂಟರೊಳಗೆ ಇಷ್ಟು ತಿಂದು, ಒಂದು ಲೋಟ ಮಜ್ಜಿಗೆ ಕುಡಿದವರಿಗೆ ನಿದ್ದೆಗೆ ತೊಂದರೆಯಿಲ್ಲ.

ಎದುರು ಮಾತುಗಳು

ಇಷ್ಟು ಹೇಳಿದ ಮೇಲೆ ಮೊದಲು ಬರುವ ಆಕ್ಷೇಪ ಶುಚಿತ್ವದ್ದು. ರಸ್ತೆಬದಿಯಲ್ಲಿ ಧೂಳು, ನೊಣ, ಕೈ ತೊಳೆದ ನೀರು. ಹವಾನಿಯಂತ್ರಣವಿರುವ ಹೋಟೆಲೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ನಿಜವಿದೆ. ಉಗ್ಗಾನಿಯ ಮಂಡಕ್ಕಿಯನ್ನು ಅದ್ದುವುದು ಕಾಯಿಸದ ನೀರಿನಲ್ಲಿ, ಆಮೇಲೆ ಅದು ಬೆಂಕಿಯ ಮೇಲಿರುವುದು ಎರಡು ಮೂರು ನಿಮಿಷ ಮಾತ್ರ. ಹಾಗಾಗಿ ಗಾಡಿಯ ಬಳಿ ಹೋದವರು ಮೊದಲು ನೋಡಬೇಕಾದ್ದು ಬಾಣಲೆಯನ್ನಲ್ಲ, ನೀರಿನ ಪಾತ್ರೆಯನ್ನು. ಕ್ಯಾನಿನ ನೀರೇ, ಮುಚ್ಚಳವಿದೆಯೇ, ಅದೇ ನೀರಿನಲ್ಲಿ ತಟ್ಟೆ ತೊಳೆಯುತ್ತಿಲ್ಲವೇ ಎಂದು ನೋಡಿ. ಸಂದೇಹ ಬಂದರೆ ಮುಂದಿನ ಗಾಡಿಗೆ ಹೋಗಿ, ಬೆಳಗಿನ ಹೊತ್ತು ಗಾಡಿಗಳಿಗೆ ಬರವಿಲ್ಲ. ಆದರೆ ದೊಡ್ಡ ಹೋಟೆಲಿನ ಬಗ್ಗೆಯೂ ಇದೇ ಕಣ್ಣು ಬೇಕು. ಹವಾನಿಯಂತ್ರಣ ತಂಪು ಮಾಡುವುದು ಉಣ್ಣುವವರನ್ನು, ಅಡುಗೆಮನೆಯಲ್ಲಿರುವ ಗ್ರೇವಿಯನ್ನಲ್ಲ. ನೂರು ಬಗೆಯ ತಿನಿಸಿನ ಪಟ್ಟಿ ಇಟ್ಟವರು ಅರ್ಧ ಬೆಂದ ಪದಾರ್ಥಗಳನ್ನು ಕೂಡಿಟ್ಟುಕೊಳ್ಳದೆ ವಿಧಿಯಿಲ್ಲ. ಕರೆಂಟು ಹೋಗಿ ಬಂದಾಗ ಫ್ರಿಜ್ಜಿನಲ್ಲಿ ಏನಾಯಿತೆಂದು ಗಿರಾಕಿಗೆ ತಿಳಿಯುವುದಿಲ್ಲ. ಗಾಡಿಯಲ್ಲಿ ಮಾಡುವುದು ಎರಡೇ ತಿಂಡಿ, ಅದೂ ಎದುರಿನಲ್ಲೇ. ಕಾಣುವ ತಪ್ಪನ್ನು ನೋಡಿ ಬಿಡಬಹುದು, ಕಾಣದ ತಪ್ಪನ್ನು ಬಿಡುವುದು ಹೇಗೆ? ಹೋಟೆಲಿಗೇ ಹೋಗುವುದಾದರೆ ಅಲ್ಲಿಯೂ ಅಂದು ಹೆಚ್ಚು ಜನ ಉಣ್ಣುತ್ತಿರುವ ಸಾದಾ ಊಟವನ್ನೇ ಹೇಳಿ, ಪನೀರು ಮಸಾಲೆಗಳನ್ನಲ್ಲ.

ಎರಡನೆಯ ಆಕ್ಷೇಪ ಖಾರದ್ದು. ಸುಡುವ ಬಿಸಿಲಿನಲ್ಲಿ ಮಿರ್ಚಿ ತಿನ್ನಿ ಎನ್ನುವುದು ಯಾವ ನ್ಯಾಯ? ಖಾರ ಬೆವರು ತರಿಸುತ್ತದೆ, ಒಣ ಸೆಕೆಯಲ್ಲಿ ಬೆವರು ಆರುವಾಗ ಮೈ ತಂಪಾಗುತ್ತದೆ, ಬಿಸಿ ದೇಶಗಳ ಜನ ಖಾರ ಉಣ್ಣುವುದಕ್ಕೆ ಇದೂ ಒಂದು ಕಾರಣವಿರಬಹುದು. ಆದರೆ ರೂಢಿಯಿಲ್ಲದ ಹೊಟ್ಟೆಗೆ ಈ ವಾದ ಹೇಳಿ ಪ್ರಯೋಜನವಿಲ್ಲ. ಆಮ್ಲಪಿತ್ತ ಇರುವವರು, ಚಿಕ್ಕ ಮಕ್ಕಳು ಮಿರ್ಚಿಯನ್ನು ಬಿಟ್ಟು ಒಗ್ಗರಣೆಯನ್ನಷ್ಟೇ ತಿನ್ನಲಿ. ಬಾಣಲೆಗೆ ಹಾಕುವ ಮೊದಲೇ ‘ಖಾರ ಕಡಿಮೆ’ ಎಂದರೆ ಇಲ್ಲಿಯ ಬಹಳ ಅಂಗಡಿಯವರಿಗೆ ಕನ್ನಡದಲ್ಲೇ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ತೆಲುಗಿನಲ್ಲಿ ‘ಕಾರಂ ತಕ್ಕುವ’ ಎಂದರೆ ಸಾಕು. ರೊಟ್ಟಿಯ ಜೊತೆ ಹಿಂಡಿಯ ಬದಲು ಬೇಳೆ, ಮೊಸರು ಕೇಳಿ.

ಮೂರನೆಯದು ಮರ್ಯಾದೆಯ ಪ್ರಶ್ನೆ. ದುಡ್ಡು ಕೊಟ್ಟು ಉಣ್ಣುವ ಶಕ್ತಿ ಇರುವವರು ಮಠದ ಉಚಿತ ಊಟಕ್ಕೆ ಕೂರುವುದು ಬಡಯಾತ್ರಿಕರ ಪಾಲನ್ನು ಕಸಿದ ಹಾಗಲ್ಲವೇ ಎಂದು ಸಂಕೋಚಪಡುವವರಿದ್ದಾರೆ. ಸಂಕೋಚ ಒಳ್ಳೆಯದೇ, ಆದರೆ ಅದು ಅನ್ನದಾನದ ಅರ್ಥವನ್ನು ತಪ್ಪಾಗಿ ಹಿಡಿದದ್ದು. ಪಂಕ್ತಿಯಲ್ಲಿ ಉಳ್ಳವರೂ ಇಲ್ಲದವರೂ ಒಂದೇ ಸಾಲಿನಲ್ಲಿ ಕೂತು ಒಂದೇ ಸೌಟಿನಿಂದ ಬಡಿಸಿಕೊಳ್ಳುವುದರಲ್ಲೇ ಅದರ ಬೆಲೆ. ಉಳ್ಳವರು ಎದ್ದುಹೋಗಿ ಹೋಟೆಲು ಸೇರಿದರೆ ಅದು ಬಡವರ ಗಂಜಿಕೇಂದ್ರವಾಗುತ್ತದೆ. ಕೂತು ಉಣ್ಣಿ, ಎಲೆಯಲ್ಲಿ ಅಗುಳು ಬಿಡಬೇಡಿ, ನೀವು ಹೋಟೆಲಿಗೆ ಕೊಡುತ್ತಿದ್ದ ಹಣವನ್ನು ಅನ್ನದಾನಕ್ಕೆ ಕೊಟ್ಟು ರಸೀದಿ ಪಡೆಯಿರಿ. ಆಗ ನಾಳೆಯ ಪಂಕ್ತಿಗೆ ನಿಮ್ಮದೂ ಒಂದು ಪಾಲು ಸೇರುತ್ತದೆ.

ಇನ್ನೊಂದು ಮಾತೂ ಕೇಳಿಬರುತ್ತದೆ. ಇದೆಲ್ಲ ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಸಿಗುವುದೇ, ಆದೋನಿಯಲ್ಲಿ ಹುಡುಕುವುದೇಕೆ ಎಂದು. ಸಿಗುತ್ತದೆ, ಮತ್ತು ಅದೇ ಇಲ್ಲಿ ಗಮನಿಸಬೇಕಾದ್ದು. 1953ರಲ್ಲಿ ಎಳೆದ ಗೆರೆ ಆಡಳಿತವನ್ನು ಭಾಗ ಮಾಡಿತು, ಊಟದ ತಟ್ಟೆಯನ್ನು ಭಾಗ ಮಾಡಲಿಲ್ಲ. ಹೊಳಗುಂದ, ಕೌತಾಳಂ, ಕೋಸಿಗಿ, ಹಾಲಹರವಿ ಕಡೆಯ ಹಳ್ಳಿಗಳಲ್ಲಿ ಒಂದೇ ಮನೆಯಲ್ಲಿ ಎರಡು ಭಾಷೆ ನಡೆಯುತ್ತದೆ, ಒಲೆ ಒಂದೇ. ಕರ್ನಾಟಕದಿಂದ ಹೋದವರು ಇಲ್ಲಿ ಪರದೇಶದ ಊಟ ಹುಡುಕುವ ಅಗತ್ಯವೂ ಇಲ್ಲ, ಬೆಂಗಳೂರಿನ ಊಟವನ್ನೇ ಬೇಕೆನ್ನುವ ಅಗತ್ಯವೂ ಇಲ್ಲ. ಮಂಡಕ್ಕಿ, ಜೋಳ, ಮಜ್ಜಿಗೆ ಎಂದು ಕನ್ನಡದಲ್ಲೇ ಕೇಳಿದರೆ ಕೊಡುವವರಿದ್ದಾರೆ.

ಒಂದು ದಿನದ ಲೆಕ್ಕ

ಮುಂಬೈ–ಚೆನ್ನೈ ರೈಲುಮಾರ್ಗದಲ್ಲಿ ರಾಯಚೂರಿನಿಂದ ಗುಂತಕಲ್ಲಿಗೆ ಬರುವಾಗ ಮೊದಲು ಮಂತ್ರಾಲಯಂ ರೋಡ್, ಆಮೇಲೆ ಆದೋನಿ ಸಿಗುತ್ತವೆ. ಮಂತ್ರಾಲಯಂ ರೋಡ್ ನಿಲ್ದಾಣದಿಂದ ಕ್ಷೇತ್ರಕ್ಕೆ ಸುಮಾರು 15 ಕಿ.ಮೀ. ದೂರ ಬಸ್ಸಿನಲ್ಲೋ ಆಟೊದಲ್ಲೋ ಹೋಗಬೇಕು. ಎರಡು ದಿನ ಇರುವವರು ಮೊದಲ ದಿನವನ್ನು ಆದೋನಿಗೆ ಇಟ್ಟುಕೊಳ್ಳಲಿ: ನಸುಕಿನಲ್ಲಿ ಕೋಟೆ, ಎಂಟಕ್ಕೆ ಒಗ್ಗರಣೆ, ಹನ್ನೆರಡೂವರೆಗೆ ಮೆಸ್ಸಿನ ಊಟ, ಬಿಸಿಲ ಹೊತ್ತಿಗೆ ಕೋಣೆಯಲ್ಲಿ ವಿಶ್ರಾಂತಿ ಮತ್ತು ಮಜ್ಜಿಗೆ, ಸಂಜೆ ನನ್ನಾರಿ, ರಾತ್ರಿ ರೊಟ್ಟಿ. ಎರಡನೆಯ ದಿನ ಬೆಳಗಿನ ತಂಪಿನಲ್ಲೇ ಮಂತ್ರಾಲಯ ಸೇರಿ, ಗ್ರಾಮದೇವತೆ ಮಂಚಾಲಮ್ಮನ ಮತ್ತು ರಾಯರ ದರ್ಶನ ಮುಗಿಸಿ, ಮಠದ ಪಂಕ್ತಿಯಲ್ಲಿ ಉಂಡು, ಬಿಸಿಲು ಇಳಿದ ಮೇಲೆ ಹೊರಡಬಹುದು. ತುಂಗಭದ್ರೆಯಲ್ಲಿ ಬೇಸಿಗೆಗೆ ನೀರು ಕಡಿಮೆ, ನಿಂತ ನೀರನ್ನು ಬಾಯಿಗೆ ಹಾಕಬೇಡಿ, ಮಕ್ಕಳಿಗೂ ಹೇಳಿ. ಚೀಲದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ.

ಕೊನೆಗೆ ಒಂದು ಕೋರಿಕೆ. ಇಲ್ಲಿ ಹೇಳಿದ ಊಟವೆಲ್ಲ ಅಗ್ಗ. ಅದು ಅಗ್ಗವಾಗಿರುವುದು ಮಾಡುವವರ ಶ್ರಮಕ್ಕೆ ನಾವು ಕಡಿಮೆ ಬೆಲೆ ಕಟ್ಟಿರುವುದರಿಂದ. ಸೂರ್ಯ ಮುಳುಗಿದ ಮೇಲೂ 35 ಡಿಗ್ರಿ ಇರುವ ಊರಿನಲ್ಲಿ ಹೆಂಚಿನ ಮುಂದೆ ಮೂರು ನಾಲ್ಕು ಗಂಟೆ ಕೂತು ರೊಟ್ಟಿ ಬಡಿಯುವ ಹೆಂಗಸಿಗೆ ಹತ್ತಲು ರಾಮನದುರ್ಗವಿಲ್ಲ. ನಾವು ಎರಡು ದಿನದ ಸೆಕೆಯನ್ನು ಕಂಡು ಮರಳುತ್ತೇವೆ, ಅವರು ಮಳೆ ಬರುವವರೆಗೂ ಅಲ್ಲೇ ಇರುತ್ತಾರೆ. ಅವರ ಬಳಿ ರೊಟ್ಟಿಗೆ ಐದು ರೂಪಾಯಿ ಚೌಕಾಸಿ ಮಾಡಬೇಡಿ. ಕೇಳಿದಷ್ಟು ಕೊಟ್ಟು, ಚೆನ್ನಾಗಿತ್ತಮ್ಮ ಎಂದು ಹೇಳಿ ಬನ್ನಿ.